ಒಂದು ಪದದ ಅರ್ಥ

ಕನ್ನಡ ಅಧ್ಯಾಪಕನನ್ನು ಜನರು ನಡೆದಾಡುವ ನಿಘಂಟೆಂದು ತಿಳಿದಿರುವುದು ಹೊಸ ಸಂಗತಿಯೇನಲ್ಲ. ಮದುವೆಯ ಕರೆಯೋಲೆಯಲ್ಲಿ 'ಆಮಂತ್ರಣ' ಸರಿಯೋ 'ಆಹ್ವಾನ' ಸರಿಯೋ, ಮೊಮ್ಮಗಳಿಗಿಟ್ಟ ಹೆಸರಿಗೆ ಅರ್ಥವುಂಟೋ ಇಲ್ಲವೋ, ಅಂಗಡಿಯ ಫಲಕದಲ್ಲಿ ಬರೆದ ಅಕ್ಷರ ಅಲ್ಪಪ್ರಾಣವೋ ಮಹಾಪ್ರಾಣವೋ ಎಂದು ಕೇಳಿಕೊಂಡು ಬರುವವರು ವಾರಕ್ಕೆ ಇಬ್ಬರಾದರೂ ನನಗೆ ಸಿಕ್ಕುವುದುಂಟು. ಆದುದರಿಂದ ಕಳೆದ ಆಗಸ್ಟಿನ ಒಂದು ಮಧ್ಯಾಹ್ನ, ತರಗತಿ ಮುಗಿದು ಉಳಿದವರೆಲ್ಲ ಹೊರಟುಹೋದ ಮೇಲೆ, ಎರಡನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಮೇಜಿನ ಬಳಿ ನಿಂತು, "ಸಾರ್, ಪ್ಯಾನಿಕ್ ಅಟ್ಯಾಕ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಸಂತೋಷವೇ ಆಯಿತು.

ಬಿ.ಕಾಂ. ತರಗತಿಗೆ ಕನ್ನಡ ಪಾಠ ಹೇಳುವವನ ಪಾಡನ್ನು ಬಲ್ಲವರು ನನ್ನ ಸಂತೋಷವನ್ನು ಕ್ಷಮಿಸಿಯಾರು. ಕೆಳಗಿಟ್ಟ ಸೀಮೆಸುಣ್ಣವನ್ನು ಮತ್ತೆ ಕೈಗೆತ್ತಿಕೊಂಡೆ. 'ಆತಂಕ'ವೆಂಬುದು ಸಂಸ್ಕೃತದಿಂದ ಬಂದುದು. ಅಲ್ಲಿ ಅದಕ್ಕೆ ರೋಗ, ನೋವು, ಭಯವೆಂಬ ಅರ್ಥಗಳುಂಟು. ಕನ್ನಡದಲ್ಲಿ ಅಡ್ಡಿ, ತಡೆ ಎಂಬ ಅರ್ಥದಲ್ಲಿಯೂ ಬಳಕೆಯಾಗಿದೆ. 'ಗಾಬರಿ' ಉತ್ತರದಿಂದ ಬಂದ ಅತಿಥಿ. 'ದಿಗಿಲು' ನಮ್ಮದೇ ಮಾತು, ಚಿಕ್ಕದು, ಚೊಕ್ಕದು. ಹೀಗಿರುವಲ್ಲಿ 'ದಿಗಿಲಿನ ಹೊಡೆತ' ಎಂದರೆ ಹೇಗೆ? ಹತ್ತು ನಿಮಿಷ ಮಾತನಾಡಿರಬೇಕು. ಆಕೆ ಚೀಲವನ್ನು ಎದೆಗವಚಿಕೊಂಡು ಕೇಳುತ್ತಿದ್ದಳು. ಕೊನೆಗೆ "ಥ್ಯಾಂಕ್ಸ್ ಸಾರ್" ಎಂದು ಬಾಗಿಲವರೆಗೆ ಹೋದವಳು ಅಲ್ಲಿಯೇ ನಿಂತು, ಮುಖವನ್ನು ಪೂರ್ತಿ ಇತ್ತ ತಿರುಗಿಸದೆಯೇ ಹೇಳಿದಳು: "ಅದು ನನಗೆ ವಾರಕ್ಕೆ ಎರಡು ಸಲ ಬರುತ್ತೆ ಸಾರ್."

ಬರೆಯುವ ಹಲಗೆಯ ಮೇಲೆ ನಾನು ಬರೆದಿದ್ದ ಮೂರು ಪದಗಳು ನನ್ನನ್ನೇ ನೋಡಿ ನಗುತ್ತಿದ್ದುವು.

ವಾಚಕರು ಮುಂದೆ ಓದುವುದಕ್ಕೆ ಮೊದಲು ಒಂದು ಮಾತು. ಈಕೆಯ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಕ್ಕದಿರಲೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. "ಬರೀರಿ ಸಾರ್, ಆದರೆ ನಿಮ್ಮ ಪತ್ರಿಕೆಯನ್ನು ನಮ್ಮ ಕಡೆ ಯಾರೂ ಓದಲ್ಲ" ಎಂದು ಆಕೆ ಹೇಳಿದುದನ್ನು ಸಂಪಾದಕರು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನಾನು ಆ ದಿನ ಕುರ್ಚಿಯನ್ನೆಳೆದು ಕುಳಿತುದು ನನ್ನ ಒಳ್ಳೆಯತನದಿಂದಲ್ಲ. ಎರಡು ವರ್ಷಗಳ ಹಿಂದೆ ಇಂಥದೇ ಒಂದು ಮಧ್ಯಾಹ್ನ ಒಬ್ಬ ಹುಡುಗ ನನ್ನ ಬಳಿಗೆ ಬಂದಿದ್ದ. ರಾತ್ರಿ ನಿದ್ರೆ ಬರುವುದಿಲ್ಲ, ಓದಿದುದು ತಲೆಗೆ ಹತ್ತುವುದಿಲ್ಲ, ಯಾವುದೂ ಬೇಡವೆನ್ನಿಸುತ್ತದೆ ಎಂದ. ಅವನ ಕೈಯಲ್ಲಿ ಮೊಬೈಲು ಇತ್ತು. ನಾನು ಅದನ್ನೇ ತೋರಿಸಿ, ರಾತ್ರಿಯೆಲ್ಲ ಇದನ್ನು ತಿಕ್ಕುತ್ತ ಕುಳಿತರೆ ನಿದ್ರೆ ಎಲ್ಲಿಂದ ಬರಬೇಕು, ಬೆಳಿಗ್ಗೆ ಐದಕ್ಕೆ ಎದ್ದು ಹಲಸೂರು ಕೆರೆಯ ಸುತ್ತ ನಾಲ್ಕು ಸುತ್ತು ನಡೆ, ಎಲ್ಲ ಸರಿಹೋಗುತ್ತದೆ ಎಂದು ಬೆನ್ನು ತಟ್ಟಿ ಕಳುಹಿಸಿದೆ. ಉಪದೇಶ ಕೆಟ್ಟದೇನಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ ಜನವರಿಯಿಂದ ಮಾರ್ಚಿಯವರೆಗೆ ಗೈರುಹಾಜರಿಯ ಗುರುತುಗಳೇ ಸಾಲಾಗಿ ಬಿದ್ದುವು. ಪರೀಕ್ಷೆಗೂ ಅವನು ಬರಲಿಲ್ಲ. ಕೊಟ್ಟಿದ್ದ ದೂರವಾಣಿ ಸಂಖ್ಯೆ ಬದಲಾಗಿತ್ತು. ಅವನೆಲ್ಲಿರುವನೆಂಬುದು ಇಂದಿಗೂ ನನಗೆ ತಿಳಿಯದು. ತಿಂಗಳ ಕೊನೆಯಲ್ಲಿ ಹಾಜರಿ ಕೂಡಿಸುವಾಗ ಆ ಸಾಲು ನೆನಪಿಗೆ ಬರುತ್ತದೆ.

ಈಗ ಹುಡುಗಿಯ ಕಥೆ. ಆಕೆಯ ಮನೆ ಕೃಷ್ಣರಾಜಪುರದ ಆಚೆಗೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ತೆಲುಗು ಎರಡೂ, ಕಾಲೇಜಿನಲ್ಲಿ ಇಂಗ್ಲಿಷು. ಕಂಟೋನ್ಮೆಂಟಿನ ಮಕ್ಕಳು ಹೀಗೆಯೇ. ಒಂದು ವಾಕ್ಯ ಮುಗಿಸುವುದರೊಳಗೆ ಮೂರು ಭಾಷೆಗಳ ಗಡಿ ದಾಟುತ್ತಾರೆ. ಮೊದಲ ಸಲ ಅದು ಬಂದುದು ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣದಲ್ಲಿ. ಆ ಸ್ಥಳವನ್ನು ಬಲ್ಲವರಿಗೆ, ಅಲ್ಲಿ ನೆಟ್ಟಗಿದ್ದವರಿಗೂ ಎದೆ ಹೊಡೆದುಕೊಳ್ಳುತ್ತದೆಂಬುದು ತಿಳಿದೇ ಇದೆ. ಇದು ಬೇರೆಯಾಗಿತ್ತು. ಇದ್ದಕ್ಕಿದ್ದಂತೆ ಎದೆ ಡವಡವನೆ ಬಡಿದುಕೊಂಡಿತು, ಉಸಿರು ಸಾಲದಾಯಿತು, ಬೆರಳ ತುದಿಗಳು ಜುಮುಗುಟ್ಟಿದುವು, ಇಲ್ಲಿಯೇ ಈಗಲೇ ಸತ್ತುಹೋಗುತ್ತೇನೆಂಬ ಭಯ ಕವಿಯಿತು. ಕಾಲುದಾರಿಯ ಅಂಚಿನಲ್ಲಿ ಕುಳಿತಳು. ಯಾರೋ ಹೂ ಮಾರುವ ಹೆಂಗಸು ನೀರು ಕೊಟ್ಟಳು. ಹತ್ತು ನಿಮಿಷದಲ್ಲಿ ಎಲ್ಲ ಇಳಿದುಹೋಯಿತು. ಉಳಿದುದು ಒಂದೇ: ಅದು ಮತ್ತೆ ಯಾವಾಗ ಬರುವುದೋ ಎಂಬ ಕಾಯುವಿಕೆ.

ತಂದೆ ಹೆದರಿ ಮೊದಲು ಹೃದಯದ ಪರೀಕ್ಷೆ ಮಾಡಿಸಿದರು. ಇ.ಸಿ.ಜಿ. ಸರಿಯಾಗಿತ್ತು. ತಾಯಿ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಆರೋಗ್ಯಮಾತೆಗೆ ಹರಕೆ ಹೊತ್ತರು. ನೆರೆಮನೆಯ ಖಾಲಾ ದರ್ಗಾದಿಂದ ದಾರ ತಂದು ಕಟ್ಟಿದರು. ಅಜ್ಜಿ ಮೆಣಸಿನಕಾಯಿ ಉಪ್ಪು ನಿವಾಳಿಸಿ ದೃಷ್ಟಿ ತೆಗೆದರು. ಹಲಸೂರಿನ ಸೋಮೇಶ್ವರನಿಗೂ ಒಂದು ಅರ್ಚನೆ ಸಂದಿತಂತೆ. ಸರ್ವಧರ್ಮ ಸಮನ್ವಯವನ್ನು ಕುರಿತು ನಮ್ಮಲ್ಲಿ ವರ್ಷಕ್ಕೊಂದು ವಿಚಾರಗೋಷ್ಠಿ ನಡೆಯುತ್ತದೆ; ಕಂಟೋನ್ಮೆಂಟಿನ ಒಂದು ಕುಟುಂಬದ ಗಾಬರಿ ಅದನ್ನು ಹದಿನೈದು ದಿನದಲ್ಲಿ ಸಾಧಿಸಿತು.

ಇದನ್ನು ಹಾಸ್ಯಕ್ಕಾಗಿ ಮಾತ್ರ ಹೇಳಿದೆನೆಂದು ತಿಳಿಯಬೇಡಿ. ಈ ಬಾಗಿಲುಗಳಿಗೆ ಜನರು ಮೊದಲು ಹೋಗುವುದೇಕೆಂದು ನಾನು ಯೋಚಿಸಿದ್ದೇನೆ. ಮೌಢ್ಯವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಆರೋಗ್ಯಮಾತೆಯ ಮುಂದೆ ಮೇಣದಬತ್ತಿ ಹಚ್ಚುವವಳನ್ನು ಯಾರೂ ಹೆಸರು ಕೇಳುವುದಿಲ್ಲ. ತಂದೆಯ ಹೆಸರು, ವಯಸ್ಸು, ವಿಳಾಸ, ಏನು ತೊಂದರೆ ಎಂದು ಕಿಂಡಿಯ ಹಿಂದಿನಿಂದ ಗಟ್ಟಿಯಾಗಿ ಕೂಗುವುದಿಲ್ಲ. ಹೆಸರು ಹೇಳದೆ ಸಂಕಟ ಹೇಳಿಕೊಳ್ಳುವ ಒಂದು ಸ್ಥಳ ಮನುಷ್ಯನಿಗೆ ಬೇಕು. ವಾರಪತ್ರಿಕೆಗಳ ಪ್ರಶ್ನೋತ್ತರದ ಪುಟ ಒಂದು ಕಾಲಕ್ಕೆ ಇಂಥ ಸ್ಥಳವಾಗಿತ್ತು. 'ದಯವಿಟ್ಟು ನನ್ನ ಹೆಸರನ್ನು ಪ್ರಕಟಿಸಬೇಡಿ' ಎಂಬ ಸಾಲಿನೊಡನೆ ಮುಗಿಯುವ ಪತ್ರಗಳನ್ನು ನೆನೆಯಿರಿ. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರರು ಕನ್ನಡದಲ್ಲಿ ಮನಸ್ಸಿನ ಆರೋಗ್ಯವನ್ನು ಕುರಿತು ನೂರಾರು ಪುಸ್ತಕಗಳನ್ನು ಬರೆದರು, ಪತ್ರಿಕೆಗಳಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದಕ್ಕೂ ಹಿಂದೆ 'ಕೊರವಂಜಿ'ಯ ರಾಶಿ, ಎಂದರೆ ಡಾಕ್ಟರ್ ಎಂ. ಶಿವರಾಂ, ನಾಡನ್ನು ನಗಿಸುವ ಕೆಲಸದ ನಡುವೆಯೇ ಮನಸ್ಸಿನ ಕಾಯಿಲೆಗಳ ವಿಷಯವಾಗಿ 'ಮನಮಂಥನ'ವನ್ನು ಬರೆದರು. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಅದಕ್ಕೆ ಸಂದಿತು. ಹಾಸ್ಯಪತ್ರಿಕೆಯ ಸಂಪಾದಕರು ಮನೋರೋಗದ ಗ್ರಂಥಕ್ಕೆ ಪ್ರಶಸ್ತಿ ಪಡೆದ ಉದಾಹರಣೆ ಬೇರೆ ಭಾಷೆಯಲ್ಲಿ ಇದೆಯೋ ಇಲ್ಲವೋ!

ಈ ಪುಟದ ಜಾಗವನ್ನು ಈಗ ಹಿಡಿದಿರುವುದು ಮೊಬೈಲು. ನಮ್ಮ ಹುಡುಗಿಗೂ ಅದೇ ಗತಿಯಾಯಿತು. ಒಂದು ರಾತ್ರಿ ಇನ್‌ಸ್ಟಾಗ್ರಾಮನ್ನು ನೋಡುತ್ತಿದ್ದಾಗ ಒಬ್ಬ ತರುಣಿ ಕನ್ನಡದಲ್ಲಿ ಮಾತನಾಡುವ ಒಂದು ನಿಮಿಷದ ಚಿತ್ರ ಕಣ್ಣಿಗೆ ಬಿದ್ದಿತು. ಬಸ್ಸಿನಲ್ಲಿ ತನಗೆ ಹೀಗಾಯಿತು, ಎದೆ ಹೀಗೆ ಹೊಡೆದುಕೊಂಡಿತು, ಸತ್ತೇ ಹೋಗುವೆನೆಂದುಕೊಂಡೆ, ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ, ಇದರಿಂದ ಸಾಯುವುದಿಲ್ಲ, ಡಾಕ್ಟರ ಬಳಿಗೆ ಹೋದೆ, ಈಗ ಪರವಾಗಿಲ್ಲ. ಇಷ್ಟೇ. "ಸಾರ್, ಅವಳು ಹೇಳಿದ್ದು ಒಂದೊಂದೂ ನಂದೇ. ಬೆರಳು ಜುಮ್ಮೆನ್ನೋದೂ ಸಮೇತ. ನಾನು ಆ ರಾತ್ರಿ ಅತ್ತುಬಿಟ್ಟೆ" ಎಂದಳು. ಏಕೆ ಅತ್ತೆ ಎಂದು ಕೇಳಿದುದಕ್ಕೆ, "ಇದಕ್ಕೆ ಒಂದು ಹೆಸರಿದೆಯಲ್ಲಾ ಅಂತ" ಎಂದಳು.

ಹೆಸರಿನ ಮಹಿಮೆಯನ್ನು ನಾನು ತರಗತಿಯಲ್ಲಿ ಅನೇಕ ಸಲ ವರ್ಣಿಸಿದ್ದೇನೆ. ಅದರ ಅನುಭವ ಆದುದು ಅಂದು. ನಮ್ಮ ಆಡುಮಾತಿನಲ್ಲಿ ಈ ಸಂಕಟಗಳಿಗೆ ಇರುವ ಹೆಸರುಗಳನ್ನು ಪಟ್ಟಿಮಾಡಿ ನೋಡಿ: ತಲೆ ಕೆಟ್ಟಿದೆ, ಗಾಳಿ ಸೋಕಿದೆ, ಮಂಕು ಬಡಿದಿದೆ, ಹುಚ್ಚು ಹಿಡಿದಿದೆ. ಒಂದೊಂದೂ ತೀರ್ಪು. ಇವುಗಳಲ್ಲಿ ಯಾವುದನ್ನು ಹಿಡಿದುಕೊಂಡು ಹತ್ತೊಂಬತ್ತರ ಹುಡುಗಿ ವೈದ್ಯರ ಬಳಿಗೆ ಹೋಗಬೇಕು? 'ಖಿನ್ನತೆ', 'ಉದ್ವಿಗ್ನತೆ' ಮುಂತಾದ ನಮ್ಮ ಗ್ರಂಥಸ್ಥ ಪದಗಳು ಸಭ್ಯವಾಗಿವೆ, ನಿಜ. ಆದರೆ ಅವು ಅಡುಗೆಮನೆಯನ್ನು ಕಂಡ ಪದಗಳಲ್ಲ. ಇಂಗ್ಲಿಷಿನ ಹೆಸರು ಆಕೆಗೆ ಒಂದು ಮುಸುಕಾಯಿತು. ಅದರ ಹಿಂದೆ ನಿಂತು ಆಕೆ ಮಾತನಾಡಬಹುದಾಯಿತು. ಕನ್ನಡದಲ್ಲಿ ಎಂ.ಎ. ಮಾಡಿದವನು ಇದನ್ನು ಒಪ್ಪಿಕೊಳ್ಳಬೇಕಾದುದು ಕಹಿಯೇ ಸರಿ. ಆದರೆ ಈ ಮುಸುಕನ್ನು ಕಸಿದುಕೊಂಡು ಕೈಗೆ ನಿಘಂಟು ಕೊಡುವ ಧೈರ್ಯ ಈಗ ನನಗಿಲ್ಲ. ಆಕೆ ನನ್ನಿಂದ ಕನ್ನಡ ಪದವನ್ನು ಕೇಳಿದುದೂ ಬೇರೆ ಕಾರಣಕ್ಕಾಗಿ. ತಂದೆಗೆ ಹೇಳಬೇಕಾಗಿತ್ತು, ಅವರಿಗೆ ಇಂಗ್ಲಿಷು ಬಾರದು, ತಮಿಳಿನಲ್ಲಿ ಹೇಳಲು ಆಕೆಗೆ ನಾಚಿಕೆ.

ಸ್ಥಳದ ಹೆಸರಿಗೂ ಇದೇ ಕರ್ಮ ಅಂಟಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ನಡೆಸುತ್ತಿದ್ದ ಹುಚ್ಚರ ಆಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿಕೊಂಡಿತು. 1954ರಲ್ಲಿ ಅದಕ್ಕೆ ಜೊತೆಯಾಗಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇಷ್ಟು ಸಲ ಫಲಕ ಬದಲಾದರೂ ಊರಿನ ಬಾಯಿ ಬದಲಾಗಲಿಲ್ಲ. ಇಂದಿಗೂ ನಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಒಬ್ಬ ಇನ್ನೊಬ್ಬನನ್ನು ಹಾಸ್ಯ ಮಾಡಬೇಕಾದರೆ 'ನಿಮ್ಹಾನ್ಸಿಗೆ ಹೋಗು' ಎನ್ನುತ್ತಾನೆ. ಆ ಸಂಸ್ಥೆಯೂ ಇದನ್ನು ಅರಿತೇ ಇರಬೇಕು. ಸಣ್ಣಪುಟ್ಟ ಚಿಂತೆಗಳಿಗೆ ಸಲಹೆ ಪಡೆಯುವವರಿಗಾಗಿ ಆಸ್ಪತ್ರೆಯ ಆವರಣದಿಂದ ದೂರದಲ್ಲಿ, ಬಿ.ಟಿ.ಎಂ. ಬಡಾವಣೆಯಲ್ಲಿ, ಕ್ಷೇಮ ಕೇಂದ್ರವೊಂದನ್ನು ತೆರೆದಿದೆ. ತ್ರಿವೇಣಿಯವರ 'ಶರಪಂಜರ'ವನ್ನು ಓದಿದವರಿಗೆ, ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಚಿತ್ರದಲ್ಲಿ ಕಲ್ಪನಾ ಅವರನ್ನು ಕಂಡವರಿಗೆ, ಇದನ್ನು ವಿವರಿಸಬೇಕಾಗಿಲ್ಲ. ಕಾವೇರಿಯನ್ನು ರೋಗ ಮುರಿಯಲಿಲ್ಲ. ರೋಗ ಗುಣವಾಗಿ ಮನೆಗೆ ಬಂದ ಮೇಲೆ ಸುತ್ತಲಿನವರ ಕಣ್ಣುಗಳು ಮುರಿದುವು.

2015-16ರಲ್ಲಿ ನಿಮ್ಹಾನ್ಸಿನ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದೆ ಉಳಿದವರು ನೂರಕ್ಕೆ 70ರಿಂದ 92 ಮಂದಿ ಎಂದು ಕಂಡುಕೊಂಡಿತು. ವೈದ್ಯರ ಕೊರತೆ ಇದಕ್ಕೊಂದು ಕಾರಣ, ಆ ಕಣ್ಣುಗಳೊಂದು ಕಾರಣ. ನಮ್ಮ ಊರಿನಲ್ಲಿಯೇ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತಮಗೆ ಖಿನ್ನತೆಯಾಗಿತ್ತು, ಚಿಕಿತ್ಸೆ ಪಡೆದೆ ಎಂದು ಎಲ್ಲರೆದುರಿಗೆ ಹೇಳಿದಾಗ ಅದು ಸುದ್ದಿಯಾದುದು ಇದಕ್ಕಾಗಿಯೇ. ಅದನ್ನು ಎಷ್ಟು ಮಂದಿ ಪತ್ರಿಕೆಯಲ್ಲಿ ಓದಿದರೋ ತಿಳಿಯದು. ಮೊಬೈಲಿನಲ್ಲಿ ಅದು ಇಂದಿಗೂ ಸುತ್ತುತ್ತಿದೆ. ನನ್ನ ವಿದ್ಯಾರ್ಥಿನಿ ಆಗ ಪ್ರಾಥಮಿಕ ಶಾಲೆಯಲ್ಲಿದ್ದವಳು ಈಗ ಅದನ್ನು ಕಂಡಿದ್ದಾಳೆ.

ಇಂಥ ಮಾತಿನಿಂದ ನಿಜವಾಗಿ ಫಲವುಂಟೇ? ಅಮೆರಿಕದಲ್ಲಿ ಲಾಜಿಕ್ ಎಂಬ ಹಾಡುಗಾರ 2017ರಲ್ಲಿ ತನ್ನ ಒಂದು ಹಾಡಿಗೆ ಆತ್ಮಹತ್ಯಾ ತಡೆ ಸಹಾಯವಾಣಿಯ ದೂರವಾಣಿ ಸಂಖ್ಯೆಯನ್ನೇ ಹೆಸರಾಗಿಟ್ಟ. ಸಾಯಬೇಕೆಂದುಕೊಂಡವನೊಬ್ಬ ಕರೆಮಾಡಿ, ಮಾತನಾಡಿ, ಬದುಕಿ ಉಳಿಯುವ ಕಥೆ ಅದು. ಟ್ವಿಟರಿನಲ್ಲಿ ಆ ಹಾಡಿನ ಮಾತು ಹೆಚ್ಚಾಗಿದ್ದ 34 ದಿನಗಳನ್ನು ವಿದ್ವಾಂಸರು ಲೆಕ್ಕಹಾಕಿ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು: ಸಹಾಯವಾಣಿಗೆ ನಿರೀಕ್ಷೆಗಿಂತ 9,915 ಕರೆಗಳು ಹೆಚ್ಚಾಗಿ ಬಂದಿದ್ದುವು, ಆತ್ಮಹತ್ಯೆಗಳು 245ರಷ್ಟು ಕಡಿಮೆಯಾಗಿದ್ದುವು. ಹಾಡೊಂದೇ ಕಾರಣವೆಂದು ಅವರು ಆಣೆಯಿಡಲಿಲ್ಲ. ಆದರೂ ಬದುಕಿ ಉಳಿದವರ ಕಥೆಗೆ ಶಕ್ತಿಯುಂಟೆಂಬುದನ್ನು ಕಥೆಗಳನ್ನೇ ನಂಬಿದ ಈ ವಾರಪತ್ರಿಕೆಯ ವಾಚಕರಿಗೆ ನಾನು ಹೇಳಬೇಕೆ?

ಇಲ್ಲಿಯವರೆಗೆ ಮೊಬೈಲಿನ ಪರವಾಗಿ ವಕಾಲತ್ತು ಮಾಡಿದೆ. ಇನ್ನು ಉಳಿದ ಅರ್ಧ.

ಆ ಒಂದು ನಿಮಿಷದ ಚಿತ್ರವನ್ನು ಹುಡುಗಿ ಮೂರು ಸಲ ನೋಡಿದಳು. ಮೊಬೈಲಿನೊಳಗಿರುವ ಯಂತ್ರ ಗಿರಾಕಿಯ ರುಚಿಯನ್ನು ಬಲ್ಲ ಅಂಗಡಿಯವನಂತೆ. ನೀವು ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಸಾಕು, ಅದೇ ಜಾತಿಯ ನೂರನ್ನು ಮುಂದೆ ಹರಡುತ್ತದೆ. ಮಾರನೆಯ ದಿನದಿಂದ ಆಕೆಗೆ ಇಂಥವೇ ಬರತೊಡಗಿದುವು. ಪೆನ್ನು ಕಳೆದರೆ ಒಂದು ರೋಗ, ಪೆನ್ನನ್ನು ನೆಟ್ಟಗೆ ಜೋಡಿಸಿಟ್ಟರೆ ಇನ್ನೊಂದು ರೋಗ. ಅಮ್ಮ ಬೈದುದು ನೆನಪಿದ್ದರೆ ಟ್ರಾಮಾ, ನೆನಪಿಲ್ಲದಿದ್ದರೆ ಅದೂ ಟ್ರಾಮಾ. ಎರಡು ತಿಂಗಳಲ್ಲಿ ಆಕೆ ತನಗೆ ಐದು ಕಾಯಿಲೆಗಳಿವೆಯೆಂದು ಟಿಪ್ಪಣಿ ಮಾಡಿಕೊಂಡಿದ್ದಳು. ನಾನು ಆ ಪಟ್ಟಿಯನ್ನು ಓದಿದೆ. ಅದರಂತೆ ನೋಡಿದರೆ ನನಗೆ ಏಳು ಇರಬೇಕು. ಗಮನದ ಕೊರತೆಯ ಎ.ಡಿ.ಎಚ್.ಡಿ. ಎಂಬ ಸ್ಥಿತಿಯನ್ನು ಕುರಿತು ಟಿಕ್‌ಟಾಕಿನಲ್ಲಿ ಅತಿ ಹೆಚ್ಚು ಜನ ನೋಡಿದ 100 ಚಿತ್ರಗಳನ್ನು ಕೆನಡಾದ ವೈದ್ಯರು ಪರಿಶೀಲಿಸಿ, ಅವುಗಳಲ್ಲಿ 52 ತಪ್ಪುದಾರಿಗೆಳೆಯುವಂಥವು ಎಂದು 2022ರಲ್ಲಿ ವರದಿಮಾಡಿದ್ದಾರೆ. ಆ ಟಿಕ್‌ಟಾಕನ್ನು ನಮ್ಮ ಸರ್ಕಾರ 2020ರಲ್ಲಿಯೇ ನಿಷೇಧಿಸಿತು. ಚಿತ್ರಗಳ ಈ ಜಾತಿ ಮಾತ್ರ ಮನೆ ಬದಲಿಸಿಕೊಂಡು ಸುಖವಾಗಿದೆ.

ಐದು ರೋಗಗಳ ಪಟ್ಟಿಗಿಂತ ನನ್ನನ್ನು ಹೆಚ್ಚು ಕಂಗೆಡಿಸಿದುದು ಬೇರೊಂದು. "ಇದೆಲ್ಲ ಗೊತ್ತಾಗಿ ಎಷ್ಟು ದಿನವಾಯಿತಮ್ಮಾ?" ಎಂದು ಕೇಳಿದೆ. ಜೂನಿನಲ್ಲಿ ಎಂದಳು. ಇದು ಆಗಸ್ಟು. ಡಾಕ್ಟರ ಬಳಿಗೆ ಹೋಗಬೇಕೆಂಬ ಮನಸ್ಸು ಮೊದಲನೆಯ ರಾತ್ರಿಯೇ ಬಂದಿತ್ತು. ಆ ಮನಸ್ಸನ್ನು ತಂದುಕೊಟ್ಟ ಮೊಬೈಲೇ ಪ್ರತಿ ರಾತ್ರಿಯೂ ಸ್ವಲ್ಪ ಸ್ವಲ್ಪ ಸಮಾಧಾನ ಕೊಟ್ಟು ಅದನ್ನು ಮುಂದಕ್ಕೆ ಹಾಕಿಸುತ್ತಿತ್ತು. ಚಿತ್ರ ನೋಡಿದಾಗ, 'ನಿನ್ನಂತೆಯೇ ನಾನೂ' ಎಂದು ಗುರುತಿಲ್ಲದವರು ಬರೆದುದನ್ನು ಓದಿದಾಗ, ಏನೋ ಮಾಡಿದಂತಾಗುತ್ತಿತ್ತು. ಹಸಿದವನು ಹೋಟೆಲಿನ ಮುಂದೆ ನಿಂತು ವಾಸನೆ ಕುಡಿದು ಮನೆಗೆ ಹೋದಂತೆ. ಅದರ ಜೊತೆಗೆ ಬೆದರಿಸುವವರೂ ಇದ್ದರು: ಮಾತ್ರೆ ಒಮ್ಮೆ ಆರಂಭಿಸಿದರೆ ಜೀವಮಾನ ಬಿಡಲಾಗದು, ತೂಕಡಿಸುತ್ತ ಬಿದ್ದಿರಬೇಕಾಗುತ್ತದೆ, ಡಾಕ್ಟರುಗಳೆಲ್ಲ ಕಂಪನಿಗಳ ಕೈಗೊಂಬೆಗಳು. ಮಾರುವವರೂ ಇದ್ದರು: ಮೂರು ದಿನದ ಶಿಬಿರ, ಆತ್ಮವಿಶ್ವಾಸದ ಹನ್ನೆರಡು ಪಾಠ, ಹಣ ಮುಂಗಡ. ಮನೋವೈದ್ಯನಾದವನಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು, ಚಿಕಿತ್ಸಾ ಮನಶ್ಶಾಸ್ತ್ರಜ್ಞನಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಅದನ್ನು ಕೇಳುವ ಹಕ್ಕು ನಮಗಿದೆ ಎಂಬುದನ್ನು ಮಾತ್ರ ಆ ಚಿತ್ರಗಳಲ್ಲಿ ಒಂದೂ ಆಕೆಗೆ ಹೇಳಿರಲಿಲ್ಲ. ಮೊಬೈಲಿನ ಗೀಳನ್ನೇ ಚಿಕಿತ್ಸೆಗೆ ತರುವವರಿಗಾಗಿ ನಿಮ್ಹಾನ್ಸು 2014ರಲ್ಲಿಯೇ ಒಂದು ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆಯೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆ ವಿಷಯವಾಗಿ ಬೇರೊಂದು ವಾರ ಬರೆಯಬೇಕು.

ಹೋಗೋಣವೆಂದು ನಿಶ್ಚಯವಾಯಿತು. ಎಲ್ಲಿಗೆ? ಈ ಭಾಗದಲ್ಲಿ ಬಾಗಿಲುಗಳಿಗೆ ಕೊರತೆಯಿಲ್ಲ. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆಯಿದೆ. ಇಂದಿರಾನಗರದಲ್ಲಿ 1994ರಿಂದ ನಡೆದುಬಂದಿರುವ ಪರಿವರ್ತನ್ ಸಲಹಾ ಕೇಂದ್ರವಿದೆ. ಪಾಟರಿ ರಸ್ತೆಯ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ನಿನವರು ರೋಟರಿ ಮತ್ತು ನಿಮ್ಹಾನ್ಸಿನೊಡನೆ ಸೇರಿ 2002ರಲ್ಲಿ 'ಸಹಾಯ್' ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಸಹಾಯವಾಣಿಯನ್ನು ತೆರೆಯಿತು. ಅದರ ಸಂಖ್ಯೆ 14416. ಹಗಲಿರುಳೂ ನಡೆಯುತ್ತದೆ, ಕಾಸು ಬೇಡ, ಕನ್ನಡದಲ್ಲಿ ಮಾತನಾಡಬಹುದು, ತಮಿಳಿನಲ್ಲಿಯೂ ಮಾತನಾಡಬಹುದು. 2024ರೊಳಗೇ ಅದಕ್ಕೆ 10 ಲಕ್ಷಕ್ಕೂ ಮಿಕ್ಕಿ ಕರೆಗಳು ಬಂದಿದ್ದುವು. ಹುಡುಗಿ ಮೊದಲು ಕರೆಮಾಡಿದುದು ಅಲ್ಲಿಗೇ, ನನ್ನ ಕೊಠಡಿಯಿಂದಲೇ. ನಾನು ಹೊರಗೆ ಜಗಲಿಯಲ್ಲಿ ನಿಂತಿದ್ದೆ. ಇಪ್ಪತ್ತು ನಿಮಿಷದ ಮೇಲೆ ಹೊರಗೆ ಬಂದು, "ಹತ್ತಿರದ ಆಸ್ಪತ್ರೆಗೆ ಹೋಗಿ ತೋರಿಸಿ ಅಂದರು ಸಾರ್. ತಮಿಳಲ್ಲೇ ಮಾತಾಡಿದೆ" ಎಂದಳು. ತಮಿಳಿನಲ್ಲಿ! ತಂದೆಗೆ ಹೇಳಲಾರದ ಮಾತು ಗುರುತಿಲ್ಲದ ಕಿವಿಗೆ ತಾಯ್ನುಡಿಯಲ್ಲಿಯೇ ಬಂದಿತ್ತು.

ಹುಡುಗಿಯೊಡನೆ ನಾನೊಬ್ಬನೇ ಹೋಗುವುದು ಯುಕ್ತವಲ್ಲವೆಂದು ಇತಿಹಾಸ ವಿಭಾಗದ ಹಿರಿಯ ಮೇಡಂ ಒಬ್ಬರನ್ನು ಕೇಳಿಕೊಂಡೆ. ಕಂಟೋನ್ಮೆಂಟಿನ ಸರ್ಕಾರಿ ಆಸ್ಪತ್ರೆಯೊಂದರ ಚೀಟಿ ಮಾಡುವ ಕಿಂಡಿಯ ಮುಂದೆ ಮೂವರೂ ನಿಂತೆವು. ಹಿಂದೆ ಮೂವತ್ತು ಜನ. ಒಳಗಿನಿಂದ ಪ್ರಶ್ನೆ ಬಂದಿತು: "ಏನು ತೊಂದರೆ? ಮೆಂಟಲ್ಲಾ?" ಆ ದನಿ ಎರಡನೆಯ ಮಹಡಿಗೂ ಕೇಳಿಸಿರಬೇಕು. ಸಾಲಿನಲ್ಲಿದ್ದವರು ತಲೆಯೆತ್ತಿದರು. ಹುಡುಗಿ ದುಪಟ್ಟಾವನ್ನು ಮುಖದ ಮೇಲಕ್ಕೆ ಎಳೆದುಕೊಂಡು ತಿರುಗಿ ಹೊರಟೇಬಿಟ್ಟಳು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿರುವುದು, ರೋಗಿಯ ಗುಟ್ಟನ್ನು ಕಾಪಾಡುವುದು ಆತನ ಹಕ್ಕೆಂದು ಸ್ಪಷ್ಟವಾಗಿ ಹೇಳುತ್ತದೆ. ಹದಿನೆಂಟು ತುಂಬಿದವರು ತಂದೆತಾಯಿಯರನ್ನು ಕೇಳದೆ ಚಿಕಿತ್ಸೆ ಪಡೆಯಬಹುದು. ಕಾಯ್ದೆ ಕಿಂಡಿಯ ಹಿಂದಿನ ಗೋಡೆಯವರೆಗೆ ತಲಪಿರಬಹುದು. ಕಿಂಡಿಯಲ್ಲಿದ್ದ ಮನುಷ್ಯನ ಗಂಟಲಿಗೆ ಇನ್ನೂ ತಲಪಿರಲಿಲ್ಲ.

ನಾನು ಏನು ಮಾಡಬೇಕೆಂದು ತೋಚದೆ ನಿಂತೆ. ಮೇಡಂ ಮಾತ್ರ ಆಕೆಯ ಹಿಂದೆ ನಡೆದು, ಬೇವಿನ ಮರದ ಕಟ್ಟೆಯ ಮೇಲೆ ಕೂಡಿಸಿ, ತಾವೂ ಪಕ್ಕದಲ್ಲಿ ಕುಳಿತರು. ಅವರು ಹೇಳಿದುದನ್ನು ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. "ನೋಡಮ್ಮಾ, ನಾನು ಎಂಟು ವರ್ಷದಿಂದ ಮಾತ್ರೆ ತೊಗೋತಿದೀನಿ. ಮನೆಯಲ್ಲಿ ಕ್ಯಾಲ್ಸಿಯಂ ಡಬ್ಬಿಯಲ್ಲಿ ಹಾಕಿಟ್ಟಿದೀನಿ. ನಮ್ಮ ಯಜಮಾನರಿಗೂ ಗೊತ್ತಿಲ್ಲ." ಹತ್ತು ವರ್ಷದಿಂದ ಒಂದೇ ಮೇಜಿನಲ್ಲಿ ಊಟ ಮಾಡಿದ ನನಗೂ ಗೊತ್ತಿರಲಿಲ್ಲ. ಹುಡುಗಿ ಅವರ ಮುಖವನ್ನೇ ನೋಡಿದಳು. ಬಳಿಕ ಕೇಳಿದ ಪ್ರಶ್ನೆ ಇಂದಿನ ಮಕ್ಕಳೇ ಕೇಳಬಲ್ಲಂಥದು: "ಯಾಕೆ ಮೇಡಂ ಬಚ್ಚಿಡ್ತೀರಿ? ಈಗ ಎಲ್ಲರೂ ಹೇಳ್ಕೋತಾರಲ್ಲ?"

ಮೇಡಂ ನಕ್ಕರು. ಉತ್ತರ ಕೊಡಲಿಲ್ಲ. ಇಬ್ಬರೂ ಎದ್ದು ಬಂದು ಮತ್ತೆ ಸಾಲಿನ ಕೊನೆಯಲ್ಲಿ ನಿಂತರು.

ಒಳಗಿದ್ದ ವೈದ್ಯರು ಮೂವತ್ತರ ಆಚೀಚಿನ ಹೆಂಗಸು. ತುಂಬ ಆಯಾಸಗೊಂಡಿದ್ದರು, ಆದರೂ ಒಳ್ಳೆಯವರು. ಹುಡುಗಿ ಐದು ರೋಗಗಳ ಪಟ್ಟಿಯನ್ನು ತೆರೆದಳು. ಅವರು ಬೈಯಲಿಲ್ಲ. "ಇದನ್ನು ಆಮೇಲೆ ನೋಡೋಣ. ಯಾವಾಗ ಯಾವಾಗ ಬಂತು ಅಂತ ಬರೆದಿಟ್ಟಿದೀಯಾ?" ಎಂದರು. ಬರೆದಿಟ್ಟಿದ್ದಳು! ಅದೂ ಮೊಬೈಲಿನಲ್ಲಿಯೇ: ಹದಿನೇಳು ಸಲ, ದಿನಾಂಕ, ವೇಳೆ, ಸ್ಥಳ, ಎಷ್ಟು ನಿಮಿಷ. ಹಾಗೆ ಬರೆದಿಡಬೇಕೆಂದು ಯಾವುದೋ ಒಂದು ಚಿತ್ರ ಹೇಳಿತ್ತಂತೆ. ನೂರರಲ್ಲಿ ಅದೊಂದು ಸರಿಯಾದುದು. ವೈದ್ಯರು ಆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಊಟ, ನಿದ್ರೆ, ಕಾಫಿ ಎಷ್ಟು ಎಂದು ಕೇಳಿದರು. ಥೈರಾಯ್ಡಿನ ಏರುಪೇರಿನಿಂದಲೂ ಎದೆ ಹೀಗೆ ಹೊಡೆದುಕೊಳ್ಳುವುದುಂಟೆಂದು ರಕ್ತ ಪರೀಕ್ಷೆಗೆ ಬರೆದರು. ಸಾಯಬೇಕೆಂಬ ಯೋಚನೆ ಬಂದದ್ದುಂಟೇ ಎಂದು, ಕಾಫಿಯ ವಿಷಯ ಕೇಳಿದಷ್ಟೇ ಸಹಜವಾಗಿ ಕೇಳಿದರು. ಇಲ್ಲವೆಂದಳು. ನಾನು ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂದು ತಿಳಿದಿದ್ದೆ. ಹಾಗಾಗುವುದಿಲ್ಲ, ಕೇಳುವುದೇ ಒಳ್ಳೆಯದೆಂದು ಆಮೇಲೆ ಅವರಿಂದಲೇ ತಿಳಿಯಿತು. ಆ ಹುಡುಗನನ್ನು ನಾನು ಕೇಳಿರಲಿಲ್ಲ.

ಐದರಲ್ಲಿ ನಾಲ್ಕು ರೋಗಗಳು ಅಂದೇ ಬಿದ್ದುಹೋದುವು. ಉಳಿದುದು ಆಕೆ ನನ್ನಲ್ಲಿ ಹೆಸರು ಕೇಳಿದ್ದ ಒಂದೇ. ಅದು ಗುಣವಾಗುವಂಥದು, ಭಯ ಬಂದಾಗ ಓಡದೆ ನಿಂತು ಅದನ್ನು ಇಳಿಯಗೊಡುವ ಅಭ್ಯಾಸವನ್ನು ಕಲಿಸುತ್ತಾರೆ, ಮಾತ್ರೆಯೂ ಉಂಟು. ಮಾತ್ರೆಯ ಗುಣ ಕಾಣಲು ಕೆಲವು ವಾರಗಳೇ ಬೇಕು, ಮೊದಮೊದಲು ಗಾಬರಿ ತುಸು ಹೆಚ್ಚಿದಂತೆ ತೋರಿದರೂ ಹೆದರಿ ಬಿಡಬಾರದು, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ನಿಲ್ಲಿಸಬೇಕು ಎಂದು ಎರಡೆರಡು ಸಲ ಹೇಳಿದರು. ಟಿನ್ ಫ್ಯಾಕ್ಟರಿಯ ನಿಲ್ದಾಣವನ್ನು ತಪ್ಪಿಸಿಕೊಂಡು ಸುತ್ತುಹಾಕಿ ಹೋಗುತ್ತಿದ್ದ ಹುಡುಗಿಗೆ, ಅಲ್ಲಿಯೇ ಇಳಿಯುವುದನ್ನು ಸ್ವಲ್ಪ ಸ್ವಲ್ಪವಾಗಿ ರೂಢಿಸಿಕೊಳ್ಳಬೇಕೆಂಬುದೂ ಚಿಕಿತ್ಸೆಯ ಭಾಗವಾಯಿತು. ಸಾಮಾನ್ಯ ಆರೋಗ್ಯವಂತರಿಗೂ ಅದು ಕಠಿಣವಾದ ಪಥ್ಯ.

ಇದು ನಡೆದು ಈಗ ಮೂರು ತಿಂಗಳು. ಹದಿನೆಂಟನೆಯ ಸಲವೂ ಬಂದಿತು, ಹತ್ತೊಂಬತ್ತನೆಯದೂ ಬಂದಿತು. ಕಳೆದ ತಿಂಗಳು ಒಂದೇ. ತಂದೆಗೆ ಇನ್ನೂ ಹೇಳಿಲ್ಲ, ತಾಯಿಗೆ ಹೇಳಿದ್ದಾಳೆ. ತಾಯಿ ಮೊದಲು ಅತ್ತು, ಬಳಿಕ ಯಾರಿಗೂ ಹೇಳಬೇಡ, ಗಂಡು ಸಿಕ್ಕುವುದಿಲ್ಲ ಎಂದು, ಕೊನೆಗೆ ಮಾತ್ರೆಯ ವೇಳೆಗೆ ತಾವೇ ಹಾಲು ಕಾಯಿಸಿ ಕೊಡತೊಡಗಿದ್ದಾರೆ. ಹರಕೆಯನ್ನೂ ತೀರಿಸಿದರಂತೆ, ಸೆಪ್ಟೆಂಬರ್ 8ರ ಹಬ್ಬಕ್ಕೆ ತಾಯಿಮಗಳಿಬ್ಬರೂ ಕಾವಿಯ ಬಣ್ಣದ ಸೀರೆಯುಟ್ಟು ಶಿವಾಜಿನಗರಕ್ಕೆ ಹೋಗಿದ್ದರು. ಆ ದಟ್ಟಣೆಯಲ್ಲಿ ಭಯವಾಗಲಿಲ್ಲವೇ ಎಂದೆ. "ಆಯ್ತು ಸಾರ್. ಇಳೀತು" ಎಂದಳು. ಇತಿಹಾಸದ ಮೇಡಂ ತಮ್ಮ ಕ್ಯಾಲ್ಸಿಯಂ ಡಬ್ಬಿಯನ್ನು ಬದಲಿಸಿದರೋ ಇಲ್ಲವೋ ನಾನು ವಿಚಾರಿಸಿಲ್ಲ.

ಮುಂದಿನ ಭೇಟಿ ಬರುವ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅದು ನನ್ನ ಪಾಠದ ಅವಧಿ. ಆಕೆಯ ಹೆಸರಿನ ಮುಂದೆ ನಾನು ಹಾಜರಿ ಹಾಕಿರುತ್ತೇನೆ. ನಮ್ಮ ಪ್ರಾಂಶುಪಾಲರೂ ಈ ಪತ್ರಿಕೆಯನ್ನು ಓದುವುದಿಲ್ಲವೆಂದು ನಂಬಿದ್ದೇನೆ.